ಡಿಎಂಡಿ ಮುಂದುವರೀತಿದೆ ಅಂತ ಮನೇಲಿ ನಿಮ್ಗೆ ಮೊದ್ಲು ಹೇಗ್ ಗೊತ್ತಾಯ್ತು? ಅನುಭವ ಇದ್ದೋರು ದಯವಿಟ್ಟು ಹೇಳಿ

ಪ್ರಶ್ನೆ

ನನ್ ಮಗನಿಗೆ 7 ವರ್ಷ. ಡ್ಯುಶೇನ್ ಮಸ್ಕ್ಯುಲರ್ ಡಿಸ್ಟ್ರಫಿ (ಡಿಎಂಡಿ, ಮಾಂಸಖಂಡ ನಿಧಾನಕ್ಕೆ ಹಾಳಾಗ್ತಾ ಹೋಗೋ ಕಾಯಿಲೆ) ಅಂತ ಜೀನ್ ಟೆಸ್ಟಲ್ಲಿ ಕನ್ಫರ್ಮ್ ಆಗಿ 14 ತಿಂಗ್ಳಾಯ್ತು, ಸ್ಟೆರಾಯ್ಡ್ ಕೊಡ್ತಿದೀವಿ. ಹೋದ್ ವರ್ಷಕ್ಕಿಂತ ಈಗ್ಲೇ ಚೆನ್ನಾಗ್ ಓಡಾಡ್ತಾನೆ, ಮನೇಲಿ ದೊಡ್ಡೋರೆಲ್ಲ ಡಾಕ್ಟ್ರು ಏನೋ ತಪ್ಪು ಹೇಳಿರ್ಬೇಕು ಅಂತಾರೆ. ಆರು ತಿಂಗ್ಳಿಗೊಂದ್ಸಲ ಚೆಕಪ್, ಅಲ್ಲಿ ಹತ್ತು ನಿಮಿಷ ನೋಡ್ತಾರೆ, ಮಿಕ್ಕಿದ್ ದಿನವೆಲ್ಲ ನೋಡೋಳು ನಾನೇ. ಕಾಯಿಲೆ ಮುಂದಕ್ಕೆ ಹೋಗೋಕೆ ಶುರುವಾದ್ರೆ ನಂಗ್ ಗೊತ್ತಾಗುತ್ತಾ? ಏನ್ ಗಮನಿಸ್ಬೇಕು? ರಾತ್ರಿ ಮಲಗಿದ್ರೆ ಇದೇ ಯೋಚ್ನೆ.

ಉತ್ತರ 1 (13 ವರ್ಷದ ಮಗನ ತಾಯಿ)

ಅಕ್ಕ, ನಿಮ್ ಮಗ ಚೆನ್ನಾಗಾಗ್ತಿದಾನೆ ಅನ್ನೋದು ಸುಳ್ಳಲ್ಲ, ಡಾಕ್ಟ್ರು ಹೇಳಿದ್ದೂ ತಪ್ಪಲ್ಲ. ಆರೇಳು ವರ್ಷದ್ ತನಕ ಈ ಮಕ್ಳು ಬೆಳೀತಾ ಹೊಸ್ದು ಕಲೀತಾನೇ ಇರ್ತಾರೆ, ಒಳಗೆ ಮಾಂಸಖಂಡ ಹಾಳಾಗ್ತಿದ್ರೂ ಬೆಳವಣಿಗೆ ಅದನ್ನ ಮುಚ್ಚಿಬಿಡುತ್ತೆ, ಸ್ಟೆರಾಯ್ಡ್ ಸೇರಿದ್ರಂತೂ ಇನ್ನೂ. ಆಮೇಲೆ ಒಂದಷ್ಟು ಕಾಲ ಇದ್ದ ಹಾಗೇ ಇರ್ತಾರೆ, ಅದಾದ್ಮೇಲೆ ಇಳಿಯೋಕೆ ಶುರು. ಆ ಇದ್ದ ಹಾಗೇ ಇರೋ ಕಾಲದಲ್ಲೇ ನಾನು ಏಮಾರಿದ್ದು.

ನಮ್ ಹುಡ್ಗ ಎಂಟನೇ ವರ್ಷದಲ್ಲಿ ಬಚ್ಚಲ ಮನೆ ಹೊಸ್ತಿಲು ದಾಟುವಾಗ ಬಾಗಿಲ ಚೌಕಟ್ಟು ಹಿಡ್ಕೊಳ್ಳೋಕೆ ಶುರು ಮಾಡ್ದ. ಬಿಳಿ ಪೇಂಟ್ ಮೇಲೆ ಅವನ ಭುಜದ ಎತ್ತರಕ್ಕೆ ಒಂದು ಕೊಳೆ ಗುರುತು ಆಗ್ತಿತ್ತು. ನಾನು ಪ್ರತೀ ವಾರ ಅದನ್ನ ಒರೆಸ್ತಿದ್ದೆ, ನಾಲ್ಕೈದು ತಿಂಗ್ಳು ಒರೆಸಿರ್ಬೇಕು, ಇದು ಯಾಕ್ ಇಲ್ಲೇ ಆಗುತ್ತೆ ಅಂತ ಒಂದ್ಸಲಾನೂ ಯೋಚ್ನೆ ಮಾಡ್ಲಿಲ್ಲ. ದಿನಾ ನೋಡೋ ಕಣ್ಣಿಗೆ ಕಾಣಲ್ಲ ಅಕ್ಕ, ಅದಕ್ಕೇ ಅಳತೆ ಬೇಕು.

ಆಮೇಲಿಂದ ನಾನು ಮಾಡಿದ್ದಿಷ್ಟು. ತಿಂಗ್ಳ ಮೊದಲನೇ ಭಾನುವಾರ, ಅದೇ ರೂಮು, ಅದೇ ನೆಲ, ಬರಿಗಾಲು. ನೆಲದ ಮೇಲೆ ಅಂಗಾತ ಮಲಗಿ ಎದ್ದು ನೆಟ್ಟಗೆ ನಿಲ್ಲೋಕೆ ಎಷ್ಟು ಸೆಕೆಂಡ್ ಅಂತ ಮೊಬೈಲಲ್ಲಿ ವಿಡಿಯೋ ಮಾಡೋದು, ಜೊತೆಗೆ ನಾಲ್ಕು ಮೆಟ್ಲು ಹತ್ತೋದು. ನಮ್ದು 9 ವರ್ಷಕ್ಕೆ 8 ಸೆಕೆಂಡ್. ಆದ್ರೆ ಸೆಕೆಂಡಿಗಿಂತ ಹೇಗ್ ಏಳ್ತಾನೆ ಅನ್ನೋದನ್ನ ನೋಡಿ. ಮೊದ್ಲು ಒಂದ್ ಕೈ ಮಾತ್ರ ತೊಡೆ ಮೇಲಿಡ್ತಿದ್ದ, ಆಮೇಲೆ ಎರಡೂ ಕೈ ಊರಿ ತನ್ನ ಕಾಲನ್ನೇ ಹತ್ತಿದ ಹಾಗೆ ಮೇಲಕ್ಕೆ ಬರೋದು (ಗವರ್ಸ್ ಸೈನ್ ಅಂತಾರಲ್ಲ ಅದು), ಆಮೇಲೆ ಕುರ್ಚಿ ಹತ್ರ ತೆವಳಿಕೊಂಡು ಹೋಗಿ ಅದನ್ನ ಹಿಡಿದು ಏಳೋದು. ಮೆಟ್ಲೂ ಹಂಗೇ, ಒಂದೊಂದು ಮೆಟ್ಲಿಗೆ ಒಂದೊಂದು ಕಾಲು ಇಡ್ತಿದ್ದವನು ಎರಡೂ ಕಾಲು ಒಂದೇ ಮೆಟ್ಲಲ್ಲಿ ಜೋಡ್ಸೋಕೆ ಶುರು ಮಾಡ್ದ, ಕಂಬಿ ಮೇಲೆ ಒಂದು ಕೈ ಇದ್ದದ್ದು ಎರಡಾಯ್ತು. ಸೆಕೆಂಡ್ ಅಷ್ಟೇ ಇದ್ರೂ ದಾರಿ ಬದಲಾಗಿದ್ರೆ ಅದೇ ಸುದ್ದಿ.

ಮಾಡೋದನ್ನ ಅಷ್ಟೇ ಅಲ್ಲ, ಯಾವ್ದನ್ನ ಬಿಟ್ಬಿಟ್ಟ ಅನ್ನೋದನ್ನೂ ನೋಡಿ. ನೆಲದಲ್ಲಿ ಕೂತು ಆಡ್ತಿದ್ದವನು ಮಂಚದ ಮೇಲೇ ಆಡ್ತಾನೆ, ಬಿದ್ದ ಪೆನ್ಸಿಲ್ ಬಗ್ಗಿ ಎತ್ಕೊಳ್ಳದೆ ಇನ್ನೊಂದು ತಗೋತಾನೆ. ಹಿಮ್ಮಡಿ ನೆಲಕ್ಕೆ ತಾಗ್ದೆ ತುದಿಗಾಲಲ್ಲಿ ನಡೆಯೋದು, ಹೊಟ್ಟೆ ಮುಂದೆ ಮಾಡಿ ನಿಲ್ಲೋದು ಜಾಸ್ತಿ ಆದ್ರೆ ಹಿಮ್ಮಡಿ ಊರು ಅಂತ ಬೈಬೇಡಿ, ಬೀಳದೆ ಇರೋಕೆ ದೇಹ ತಾನೇ ಕಂಡ್ಕೊಂಡಿರೋ ದಾರಿ ಅದು. ಫಿಸಿಯೋಗೆ ತೋರ್ಸಿ, ಮೀನಖಂಡ, ಹಿಮ್ಮಡಿ ಹಿಂದಿನ ಸ್ನಾಯು ಎಳೆಯೋ ವ್ಯಾಯಾಮ, ಪಾದ ನೆಟ್ಟಗಿರೋಕೆ ರಾತ್ರಿ ಹಾಕೋ ಸ್ಪ್ಲಿಂಟ್ ಬಗ್ಗೆ ಕೇಳಿ.

ಇನ್ನೊಂದು, ರಕ್ತದಲ್ಲಿ ಸಿಕೆ (ಮಾಂಸಖಂಡ ಹಾಳಾದಾಗ ರಕ್ತಕ್ಕೆ ಸೋರೋ ಒಂದು ಕಿಣ್ವ) ಕಮ್ಮಿ ಬಂದ್ರೆ ಖುಷಿ ಪಡ್ಬೇಡಿ. ನಮ್ದು 18 ಸಾವಿರ ಇದ್ದದ್ದು 9 ಸಾವಿರಕ್ಕೆ ಇಳಿದಾಗ ನಾನು ಎಲ್ರಿಗೂ ಫೋನ್ ಮಾಡಿ ಹೇಳಿದ್ದೆ. ಸಿಕೆ ಸೋರೋದು ಇರೋ ಮಾಂಸಖಂಡದಿಂದ, ಮಾಂಸಖಂಡ ಕಮ್ಮಿ ಆದ ಹಾಗೆ ಸೋರೋದೂ ಕಮ್ಮಿ ಆಗುತ್ತೆ ಅಂತ ಆಮೇಲೆ ಡಾಕ್ಟ್ರು ಹೇಳಿದ್ರು. ಅವತ್ತು ಮನೆಗ್ ಬಂದು ತುಂಬಾ ಅತ್ತೆ.

ಮತ್ತೆ ಈ ಕಾಯಿಲೆ ನಿಧಾನಕ್ಕೆ ಇಳಿಯೋದು. ಒಂದೇ ವಾರದಲ್ಲಿ ನಡಿಗೆ ಕೆಟ್ಟೋದ್ರೆ, ಬೆನ್ನು ನೋವು ಅಂದ್ರೆ, ಕಾಯಿಲೆ ಜಾಸ್ತಿ ಆಯ್ತು ಅಂತ ಸುಮ್ನೆ ಕೂರ್ಬೇಡಿ. ಸ್ಟೆರಾಯ್ಡ್ ತಗೊಳ್ಳೋ ಮಕ್ಳಲ್ಲಿ ಬೆನ್ನೆಲುಬು ಸಣ್ಣಗೆ ಕುಸಿದಿರಬಹುದು, ಎಕ್ಸ್‌ರೇ ಮಾಡ್ಸಿ. ಸ್ಟೆರಾಯ್ಡನ್ನ ಮಾತ್ರ ಯಾವ ಕಾರಣಕ್ಕೂ ನೀವೇ ದಿಢೀರ್ ಅಂತ ನಿಲ್ಲಿಸ್ಬೇಡಿ.

ಉತ್ತರ 2 (ಒಬ್ಬ ತಂದೆ)

ಕಾಲಿನ ವಿಷ್ಯ ಮೇಲಿನವ್ರು ಚೆನ್ನಾಗಿ ಹೇಳಿದಾರೆ ಮೇಡಂ, ನಾನು ಉಸಿರು ಮತ್ತೆ ಹಾರ್ಟ್ ಬಗ್ಗೆ ಬರೀತೀನಿ, ಯಾಕಂದ್ರೆ ನಾವು ಎಡವಿದ್ದು ಅಲ್ಲೇ. ನಿಮಗೆ ಇದು ಈಗ್ಲೇ ಬೇಡ ಅನ್ನಿಸ್ಬಹುದು, ಆದ್ರೂ ಓದಿ ಇಟ್ಕೊಳ್ಳಿ.

ಮಗನಿಗೆ ಈಗ 16, ವೀಲ್‌ಚೇರ್ ಹಿಡಿದು ಐದು ವರ್ಷ. ಹೋದ್ ವರ್ಷ ಬೆಳಿಗ್ಗೆ ಎದ್ದ ತಕ್ಷಣ ತಲೆನೋವು ಅನ್ನೋಕೆ ಶುರು ಮಾಡ್ದ, ಹತ್ತು ಗಂಟೆ ಹೊತ್ತಿಗೆ ಹೋಗ್ಬಿಡೋದು, ಮೊಬೈಲ್ ಜಾಸ್ತಿ ನೋಡ್ತಾನೆ ಅಂತ ಬೈದೆ, ಕಣ್ಣು ಟೆಸ್ಟ್ ಮಾಡ್ಸಿ ಕನ್ನಡಕ ಬದಲಾಯಿಸ್ದೆ. ರಾತ್ರಿ ಮಗ್ಗುಲು ಬದಲಾಯಿಸು ಅಂತ ಎರಡು ಸಲ ಕೂಗ್ತಿದ್ದವನು ಐದಾರು ಸಲ ಕೂಗೋನು, ಹಗಲಲ್ಲಿ ತೂಕಡಿಕೆ, ಸಿಡಿಮಿಡಿ. ಕೊನೆಗೆ ಸ್ಲೀಪ್ ಸ್ಟಡಿ ಮಾಡಿದಾಗ ಗೊತ್ತಾಯ್ತು, ನಿದ್ದೇಲಿ ಉಸಿರು ಆಳಕ್ಕೆ ಹೋಗ್ತಿಲ್ಲ, ಕಾರ್ಬನ್ ಡೈಆಕ್ಸೈಡ್ ಒಳಗೇ ಉಳೀತಿದೆ. ರಾತ್ರಿ ಬೈಪ್ಯಾಪ್ (ಮಾಸ್ಕ್ ಮೂಲಕ ಉಸಿರಾಟಕ್ಕೆ ಸಹಾಯ ಮಾಡೋ ಮೆಷಿನ್) ಹಾಕೋಕೆ ಶುರು ಮಾಡಿದ ಒಂದೇ ವಾರಕ್ಕೆ ತಲೆನೋವು ಹೋಯ್ತು. ಐದು ತಿಂಗ್ಳು ಆ ಹುಡ್ಗ ಸುಮ್ನೆ ನರಳಿದ, ಅದು ಈಗ್ಲೂ ನನ್ನ ಮನಸ್ಸಲ್ಲಿ ಕೊರೀತಾ ಇದೆ.

ಅದಕ್ಕೇ ಊದೋ ಟೆಸ್ಟ್, ಎಫ್‌ವಿಸಿ ಅಂತಾರೆ, ಪೂರ್ತಿ ಉಸಿರು ಎಳೆದು ಎಷ್ಟು ಗಾಳಿ ಊದ್ತಾರೆ ಅಂತ ಅಳೆಯೋದು, ಅದನ್ನ ಐದಾರು ವರ್ಷದಿಂದ್ಲೇ ವರ್ಷಕ್ಕೊಂದ್ಸಲ ಮಾಡ್ಸಿ ನಂಬರ್ ಬರೆದಿಟ್ಕೊಳ್ಳಿ. ನಡೆಯೋದು ನಿಂತ ಮೇಲೆ ಆರು ತಿಂಗ್ಳಿಗೊಂದ್ಸಲ. ಕೆಮ್ಮಿನ ಜೋರನ್ನೂ ಅಳೀತಾರೆ, ಅದು ನಿಮಿಷಕ್ಕೆ 270 ಲೀಟರಿಗಿಂತ ಕಮ್ಮಿ ಆದ್ರೆ ಕೆಮ್ಮೋಕೆ ಸಹಾಯ ಮಾಡೋ ಮೆಷಿನ್ ಬಗ್ಗೆ ಮಾತಾಡ್ಬೇಕು, ಆಗ ಬರೀ ನೆಗಡಿನೂ ಎದೆಗೆ ಇಳಿಯಬಹುದು. ಮನೇಲಿ ಗೊತ್ತಾಗೋ ಗುರುತು ಅಂದ್ರೆ ಕೆಮ್ಮಿನ ಸದ್ದು ಸಣ್ಣಗಾಗೋದು. ಉಸಿರಿಗೆ ಕಷ್ಟ ಆಗಿ ಎಮರ್ಜೆನ್ಸಿಗೆ ಹೋದ್ರೆ ಬರೀ ಆಕ್ಸಿಜನ್ ಹಾಕಿ ಬಿಡೋದಲ್ಲ, ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅಂತಾನೂ ನೋಡ್ಬೇಕು, ಇದನ್ನ ಒಂದು ಚೀಟೀಲಿ ಬರೆಸ್ಕೊಂಡು ಜೊತೇಲಿ ಇಟ್ಕೊಂಡಿದೀನಿ.

ಹಾರ್ಟ್ ವಿಷ್ಯದಲ್ಲಿ ಮಾತ್ರ ಲಕ್ಷಣಕ್ಕೆ ಕಾಯಲೇಬೇಡಿ. ಓಡದೆ ಇರೋ ಮಗು ಏದುಸಿರು ಬಿಡಲ್ಲ, ಹಾಗಾಗಿ ಹಾರ್ಟ್ ಸೋತಿದ್ದು ಹೊರಗೆ ಕಾಣಲ್ಲ. ಹೊಟ್ಟೆನೋವು, ವಾಂತಿ, ತೂಕ ಇಳಿಯೋದು, ನಿದ್ದೆ ಕೆಡೋದು ಹೀಗೆ ಬೇರೆ ವೇಷದಲ್ಲಿ ಬರುತ್ತೆ. ವರ್ಷಕ್ಕೊಂದು ಎಕೋ (ಹಾರ್ಟಿನ ಸ್ಕ್ಯಾನ್), ಸ್ವಲ್ಪ ದೊಡ್ಡವರಾದ್ರೆ ಕಾರ್ಡಿಯಾಕ್ ಎಂಆರ್‌ಐ. ಎಲ್ಲಾ ನಾರ್ಮಲ್ ಇದ್ರೂ 10 ವರ್ಷದೊಳಗೆ ಎಸಿಇ ಇನ್‌ಹಿಬಿಟರ್ ಅನ್ನೋ, ಹಾರ್ಟಿನ ಮೇಲಿನ ಹೊರೆ ಇಳಿಸೋ ಮಾತ್ರೆ ಶುರು ಮಾಡ್ತಾರೆ. ಎಕೋ ಚೆನ್ನಾಗಿದೆಯಲ್ಲ, ಮಾತ್ರೆ ಯಾಕೆ ಅಂತ ನಾನು ಆರು ತಿಂಗ್ಳು ವಾದ ಮಾಡ್ದೆ. ನೀವು ಮಾಡ್ಬೇಡಿ.

ಉತ್ತರ 3 (24 ವರ್ಷ, ನನಗೇ ಡಿಎಂಡಿ)

ಆಂಟಿ, ಮಕ್ಳು ಮುಚ್ಚಿಡ್ತಾರೆ. ನಾನೂ ಮುಚ್ಚಿಟ್ಟಿದ್ದೆ. 12 ವರ್ಷದಲ್ಲಿ ನೀರಿನ ಲೋಟ ಬಾಯಿ ತನಕ ಎತ್ತೋಕೆ ಕಷ್ಟ ಆಗ್ತಿತ್ತು, ಬಾಯಾರಿಕೆ ಇಲ್ಲ ಅಂತಿದ್ದೆ ಅಷ್ಟೇ. ಊಟಕ್ಕೆ ಬಲ ಮೊಣಕೈ ಕೆಳಗೆ ಎಡಗೈ ಕೊಟ್ಟು ಎತ್ತೋದು, ಇಲ್ಲಾಂದ್ರೆ ಕೈನ ಟೇಬಲ್ ಮೇಲೇ ಬಿಟ್ಟು ತಲೇನೇ ಬಗ್ಗಿಸೋದು. ಬಗ್ಗಿ ಊಟ ಮಾಡ್ಬೇಡ ಅಂತ ಅಪ್ಪ ಹೇಳೋರು, ಅವ್ರಿಗೆ ಹೇಗ್ ಹೇಳೋದು. ನೀರು ಕಮ್ಮಿ ಕುಡಿಯೋದಕ್ಕೆ ಇನ್ನೊಂದು ಕಾರಣ ಟಾಯ್ಲೆಟ್‌ಗೆ ಕರ್ಕೊಂಡು ಹೋಗಿ ಅಂತ ಕೇಳೋ ನಾಚಿಕೆ. ನೀರು ಕುಡಿಯೋದು ಕಮ್ಮಿ ಮಾಡಿದ್ರೆ ಯಾಕೆ ಅಂತ ಮೆತ್ತಗೆ ಕೇಳಿ.

ಕೂರೋದು ಒಂದ್ ಕಡೆ ವಾಲಿದ್ರೂ ನೋಡಿ. ನನ್ನ ಕುರ್ಚಿಯ ಎಡಗಡೆ ಕೈ ಇಡೋ ಜಾಗದ ರೆಕ್ಸಿನ್ ಮಾತ್ರ ಸವೆದುಹೋಗಿತ್ತು, ಬೆನ್ನು ಬಾಗ್ತಿದೆ ಅಂತ ಮೊದ್ಲು ಹೇಳಿದ್ದು ಆ ರೆಕ್ಸಿನ್ನೇ.

ಮೇಲೆ ವಿಡಿಯೋ ಅಂದ್ರಲ್ಲ, ಅದು ಉಪಯೋಗ ಹೌದು, ಆದ್ರೆ ನಂಗೆ ಅದು ತುಂಬಾ ಹಿಂಸೆ ಆಗ್ತಿತ್ತು. ಪ್ರತೀ ತಿಂಗ್ಳು ಫೇಲಾಗೋ ಪರೀಕ್ಷೆ ತರ. ಅವನನ್ನ ಕೇಳಿ ಮಾಡಿ, ಅವನ ಮುಂದೆ ಮುಖ ಸಣ್ಣಗ್ ಮಾಡ್ಬೇಡಿ, ಬೇಡ ಅಂದ ದಿನ ಬಿಟ್ಬಿಡಿ. ಯಾವ್ದು ಕಷ್ಟ ಆಗ್ತಿದೆ ಅಂತ ಅವನನ್ನೇ ಕೇಳಿದ್ರೆ ಎಷ್ಟೋ ಸಲ ಅಳತೆಗಿಂತ ಮೊದ್ಲೇ ಗೊತ್ತಾಗುತ್ತೆ.

ಉತ್ತರ 4

ಚಿಕ್ಕ ಮಾತು. ಅಮ್ಮಂದಿರೂ ಕ್ಯಾರಿಯರ್ ಟೆಸ್ಟ್ (ಈ ಕಾಯಿಲೆಯ ಜೀನ್ ನಮ್ಮಲ್ಲೂ ಇದೆಯಾ ಅಂತ ನೋಡೋದು) ಮಾಡ್ಸಿ. ಎಲ್ರಿಗೂ ಅಮ್ಮನಿಂದ್ಲೇ ಬಂದಿರಲ್ಲ, ಮೂರರಲ್ಲಿ ಒಂದು ಪಾಲಷ್ಟು ಮಕ್ಳಲ್ಲಿ ಹೊಸದಾಗಿ ಆಗಿರುತ್ತೆ, ಆದ್ರೆ ಕ್ಯಾರಿಯರ್ ಆಗಿದ್ರೆ ನಿಮ್ ಹಾರ್ಟನ್ನೂ ಮೂರರಿಂದ ಐದು ವರ್ಷಕ್ಕೊಂದ್ಸಲ ತೋರಿಸ್ಕೋಬೇಕು. ನನ್ ಎಕೋದಲ್ಲಿ ಸ್ವಲ್ಪ ವ್ಯತ್ಯಾಸ ಇತ್ತು, ಈಗ ಮಾತ್ರೆ ತಗೋತಿದೀನಿ. ಮಗನ್ನ ಎತ್ತೋ ಕೈ ನಮ್ದೇ ಅಲ್ವಾ.

ಪ್ರಶ್ನೆ ಕೇಳಿದವರು

ಎಲ್ರಿಗೂ ಕೈ ಮುಗೀತೀನಿ. ಮೂರು ಸಲ ಓದ್ದೆ. ನಿನ್ನೆ ಅವನನ್ನ ಕೇಳೇ ವಿಡಿಯೋ ಮಾಡ್ದೆ, 5 ಸೆಕೆಂಡ್, ಒಂದ್ ಕೈ ತೊಡೆ ಮೇಲೆ. ಹಾಗೇ ಯಾವ್ದಾದ್ರೂ ಕಷ್ಟ ಆಗ್ತಿದೆಯಾ ಪುಟ್ಟ ಅಂತ ಕೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು, ಮೇಲಿನ ಎರಡು ಮೆಟ್ಲು ಮಾತ್ರ ಎತ್ತರ ಜಾಸ್ತಿ ಇದೆ ಅಮ್ಮ ಅಂದ. ಅವನು ಮಲಗಿದ್ಮೇಲೆ ಟೇಪ್ ಹಿಡಿದು ಅಳೆದೆ. ಎಲ್ಲಾ ಒಂದೇ ಎತ್ತರ. ತಾರೀಖು ಹಾಕಿ ಬುಕ್ಕಲ್ಲಿ ಬರೆದಿಟ್ಟಿದೀನಿ, ಮುಂದಿನ ವಾರಾನೇ ಚೆಕಪ್‌ಗೆ ಟೈಮ್ ಕೇಳ್ತೀನಿ, ಊದೋ ಟೆಸ್ಟ್ ಇನ್ನೂ ಮಾಡೇ ಇಲ್ಲ, ಅದನ್ನೂ ಕೇಳ್ತೀನಿ.