ಬ್ಯಾಕಪ್ ಪ್ರಶ್ನೋತ್ತರ: ಸರ್ವರ್ ಎಂಜಿನಿಯರ್ ಅವರನ್ನು ಕೇಳಿ

ಪೀಣ್ಯ ಕಾರ್ಖಾನೆ: ಮೇಡಂ, ಸರ್ವರಿನಲ್ಲಿ ರೇಯ್ಡ್ (ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ಜೋಡಿಸಿದ ವ್ಯವಸ್ಥೆ) ಇದೆ. ಬೇರೆ ಬ್ಯಾಕಪ್ ಬೇಕೇ?

ಎಂಜಿನಿಯರ್: ಬೇಕು. ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲದಂತೆ ರೇಯ್ಡ್ ನೋಡಿಕೊಳ್ಳುತ್ತದೆ, ಅಷ್ಟೇ. ಕೈತಪ್ಪಿ ಅಳಿಸಿದ ಕಡತವನ್ನು ಅದು ತಂದುಕೊಡುವುದಿಲ್ಲ.

ಶಿವಮೊಗ್ಗ ಅಡಿಕೆ ಮಂಡಿ: ನಿನ್ನೆಯಿಂದ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ತೆರೆಯುತ್ತಿಲ್ಲ. ಕಡತಗಳ ಹೆಸರಿನ ಕೊನೆಗೆ ವಿಚಿತ್ರ ಅಕ್ಷರಗಳು ಸೇರಿಕೊಂಡಿವೆ, ಪರದೆಯ ಮೇಲೆ ಹಣ ಕೇಳುವ ಸಂದೇಶವಿದೆ. ಬ್ಯಾಕಪ್ ಡಿಸ್ಕ್ ಸದಾ ಅದೇ ಕಂಪ್ಯೂಟರಿಗೆ ಸಿಕ್ಕಿಸಿರುತ್ತಿತ್ತು. ಅದರಲ್ಲೂ ಇದೇ ಗತಿ.

ಎಂಜಿನಿಯರ್: ಇದು ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ದಾಳಿ. ಮೊದಲು ನೆಟ್‌ವರ್ಕ್ ಕೇಬಲ್ ಕೀಳಿರಿ, ವೈಫೈ ಆರಿಸಿ. ಫಾರ್ಮ್ಯಾಟ್ ಮಾಡಬೇಡಿ, ಹಣವನ್ನೂ ಕಳಿಸಬೇಡಿ. ಡಿಸ್ಕನ್ನು ಬಿಚ್ಚಿ ಹಾಗೆಯೇ ಎತ್ತಿಡಿ. ‘ನೋ ಮೋರ್ ರಾನ್ಸಮ್’ ತಾಣದಲ್ಲಿ ಕೆಲವು ಬಗೆಯ ದಾಳಿಗಳಿಗೆ ಉಚಿತ ಕೀಲಿ ಸಿಗುತ್ತದೆ, ಎಲ್ಲಕ್ಕೂ ಸಿಗುವುದಿಲ್ಲ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ಕೊಡಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ಗೆ 6 ಗಂಟೆಯೊಳಗೆ ತಿಳಿಸಬೇಕೆಂದು 2022ರ ಆದೇಶವಿದೆ. ಹೊತ್ತು ಮೀರಿದ್ದರೂ ಇಂದೇ ತಿಳಿಸಿ. ಇನ್ನೊಂದು ಮಾತು: ನಿಮ್ಮ ಆಡಿಟರಿಗೆ ಪೆನ್‌ಡ್ರೈವಿನಲ್ಲೋ ಇಮೇಲಿನಲ್ಲೋ ಲೆಕ್ಕದ ಪ್ರತಿ ಕೊಟ್ಟಿರಲೇಬೇಕು. ಈಗಲೇ ಫೋನ್ ಮಾಡಿ. ಅದರ ನಂತರದ ಮಾರಾಟವನ್ನು ಜಿಎಸ್‌ಟಿ ರಿಟರ್ನ್, ಇ-ವೇ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡು ಮತ್ತೆ ಬರೆಯಬಹುದು. ಬೇಸರದ ಕೆಲಸ ನಿಜ, ಆದರೆ ಲೆಕ್ಕ ಕೈಗೆ ಬರುತ್ತದೆ.

ತುಮಕೂರು ಸದಸ್ಯ: ಸೇರಿಕೊಂಡ ಅಕ್ಷರ ಅಳಿಸಿದರೆ ಕಡತ ತೆರೆಯುತ್ತದಂತೆ. ವಾಟ್ಸಾಪಿನಲ್ಲಿ ಬಂದಿದೆ.

ಎಂಜಿನಿಯರ್: ತೆರೆಯುವುದಿಲ್ಲ. ಹಾಳಾಗಿರುವುದು ಒಳಗಿನ ಮಾಹಿತಿ, ಹೆಸರಲ್ಲ. ಡಿಸ್ಕನ್ನು ಫ್ರೀಜರಿನಲ್ಲಿಡಿ ಎಂಬ ಸಂದೇಶವನ್ನೂ ದಯವಿಟ್ಟು ಇಲ್ಲಿ ಹಾಕಬೇಡಿ. ತೇವ ಕಟ್ಟಿದರೆ ಉಳಿದದ್ದೂ ಹೋಗುತ್ತದೆ.

ಮೈಸೂರು ಸದಸ್ಯೆ: ಇಷ್ಟೆಲ್ಲ ಯಾಕೆ? ಎಲ್ಲವನ್ನೂ ಕ್ಲೌಡಿಗೆ ಹಾಕಿದರೆ ಮುಗಿಯಿತಲ್ಲ.

ಬೆಳಗಾವಿ ಸದಸ್ಯ: ಮುಗಿಯುವುದಿಲ್ಲ. 2021ರಲ್ಲಿ ಸ್ಟ್ರಾಸ್‌ಬರ್ಗಿನ ಓವಿಎಚ್ ಎಂಬ ಕ್ಲೌಡ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿದ್ದಾಗ ಹಲವರ ಮಾಹಿತಿ ಬ್ಯಾಕಪ್ ಸಮೇತ ಸುಟ್ಟುಹೋಯಿತು. ಮಾಹಿತಿ ತುಂಬಿಡುವ ಮ್ಯಾಗ್ನೆಟಿಕ್ ಟೇಪೇ ಸರಿ.

ಮೈಸೂರು ಸದಸ್ಯೆ: ಸಣ್ಣ ಅಂಗಡಿಯವರು ಟೇಪ್ ಡ್ರೈವ್ ಎಲ್ಲಿಂದ ಕೊಳ್ಳಬೇಕು? ಬೆಲೆ ವಿಚಾರಿಸಿದ್ದೀರಾ?

ಬೆಳಗಾವಿ ಸದಸ್ಯ: ಹಾಗಾದರೆ ಸುಟ್ಟ ಮೇಲೆ ಅಳುತ್ತಾ ಕೂತಿರಿ.

ಹುಬ್ಬಳ್ಳಿ ಆಸ್ಪತ್ರೆ: ಯಾವ ಕಂಪನಿಯ ಸಾಫ್ಟ್‌ವೇರ್ ಒಳ್ಳೆಯದು?

ಎಂಜಿನಿಯರ್: ಬೆಳಗಾವಿಯವರೇ, ಆ ಮಾತು ಬೇಡ. ಎಲ್ಲರೂ ಇಡಬೇಕಾದದ್ದು ಇಷ್ಟು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ಒಂದನ್ನಾದರೂ ಕಂಪ್ಯೂಟರಿನಿಂದ ಬಿಚ್ಚಿಟ್ಟಿರಬೇಕು. ಟೇಪೋ ಕ್ಲೌಡೋ ಎಂಬ ಜಗಳ, ಯಾವ ಕಂಪನಿಯ ಸಾಫ್ಟ್‌ವೇರ್ ಎಂಬ ಪ್ರಶ್ನೆ, ಎರಡೂ ಆಮೇಲೆ. ಆ ಪ್ರತಿಯನ್ನು ನಿಮ್ಮಲ್ಲಿ ಯಾರಾದರೂ ಒಮ್ಮೆಯಾದರೂ ಮರಳಿ ಹಾಕಿ ನೋಡಿದ್ದೀರಾ? 2017ರ ಜನವರಿ 31ರಂದು, ಪ್ರೋಗ್ರಾಮರ್‌ಗಳ ಕೋಡ್ ಕಾಪಾಡುವ ಕಂಪನಿಯಾದ ಗಿಟ್‌ಲ್ಯಾಬ್‌ನ ಎಂಜಿನಿಯರೊಬ್ಬರು ತಪ್ಪು ಸರ್ವರಿನ ದತ್ತಾಂಶ ಅಳಿಸಿದರು. ನಿತ್ಯದ ಬ್ಯಾಕಪ್ ಎಷ್ಟೋ ಕಾಲದಿಂದ ವಿಫಲವಾಗುತ್ತಿತ್ತು, ಅದನ್ನು ತಿಳಿಸುವ ಇಮೇಲ್ ಯಾರಿಗೂ ತಲುಪುತ್ತಿರಲಿಲ್ಲ. ಸುಮಾರು 6 ಗಂಟೆ ಮೊದಲು ಬೇರೆ ಕೆಲಸಕ್ಕೆಂದು ಒಬ್ಬರು ತೆಗೆದಿದ್ದ ಪ್ರತಿ ಅವರನ್ನು ಉಳಿಸಿತು. ಅಂಥ ಕಂಪನಿಯ ಪಾಡೇ ಹಾಗಾದರೆ, ನಾವು ಪರೀಕ್ಷಿಸದೆ ನಂಬುವುದು ಹೇಗೆ?

ದಾವಣಗೆರೆ ಸದಸ್ಯ: ನಮ್ಮಲ್ಲೂ ರೇಯ್ಡ್ ಇದೆ. ಸಾಕಲ್ಲವೇ?

ಎಂಜಿನಿಯರ್: ಸಾಲದು. ಮೇಲೆ ಓದಿ.

ಶಿವಮೊಗ್ಗ ಅಡಿಕೆ ಮಂಡಿ: ಮೇಡಂ, ಆಡಿಟರ್ ಬಳಿ ಸೆಪ್ಟೆಂಬರ್‌ವರೆಗಿನ ಪ್ರತಿ ಇದೆಯಂತೆ. ಪೆನ್‌ಡ್ರೈವ್ ತರಲು ಹುಡುಗ ಹೊರಟಿದ್ದಾನೆ.

ಎಂಜಿನಿಯರ್: ಒಳ್ಳೆಯದಾಯಿತು. ಅದನ್ನು ಹಳೆಯ ಕಂಪ್ಯೂಟರಿಗೆ ಸಿಕ್ಕಿಸಬೇಡಿ. ಬೇರೆ ಯಂತ್ರದಲ್ಲಿ ಮೊದಲು ಇನ್ನೊಂದು ಪ್ರತಿ ಮಾಡಿಕೊಳ್ಳಿ, ಆಮೇಲೆ ಟ್ಯಾಲಿಯಲ್ಲಿ ತೆರೆಯಿರಿ.