ಅಪ್ಪ ಕಡಲಿನಿಂದ ಮರಳದ ವರ್ಷವನ್ನು ಮಕ್ಕಳಿಗೆ ಹೇಗೆ ಬರೆಯಲಿ?

ಪ್ರಶ್ನೆ, ಮಲ್ಪೆಯಿಂದ

ನನಗೆ ಹತ್ತು ವರ್ಷವಾಗಿದ್ದಾಗ ಮೀನುಗಾರಿಕೆಗೆ ಹೋದ ಅಪ್ಪ ಮರಳಲಿಲ್ಲ. ಅಮ್ಮ ಬೀಡಿ ಕಟ್ಟಿ ನನ್ನನ್ನೂ ತಮ್ಮನನ್ನೂ ಓದಿಸಿದರು. ಆ ಒಂದು ವರ್ಷವನ್ನು ಹತ್ತರಿಂದ ಹದಿಮೂರರ ವಯಸ್ಸಿನ ಮಕ್ಕಳಿಗೆ ಕಾದಂಬರಿಯಾಗಿ ಬರೆಯುತ್ತಿದ್ದೇನೆ. ಮೂರು ಅಧ್ಯಾಯ ಓದಿದ ಗೆಳತಿ "ಮಕ್ಕಳಿಗೆ ಇಷ್ಟೊಂದು ದುಃಖ ಏಕೆ?" ಎಂದಳು. ಅಮ್ಮನಿಗೆ ಇನ್ನೂ ಹೇಳಿಲ್ಲ. ಸ್ವಂತ ಕಷ್ಟವನ್ನು ಮಕ್ಕಳಿಗಾಗಿ ಬರೆದವರು, ಇಂಥ ಪುಸ್ತಕಗಳನ್ನು ಮಕ್ಕಳಿಗೆ ಓದಿಸಿದವರು ನಿಮ್ಮ ಅನುಭವ ತಿಳಿಸುವಿರಾ?

ಸುರತ್ಕಲ್‌ನಿಂದ

ಅಕ್ಕ, ದಯವಿಟ್ಟು ನಿಲ್ಲಿಸಬೇಡಿ. ನಮ್ಮ ಮನೆಯಲ್ಲೂ ಬೀಡಿಯೇ ಅನ್ನ ಕೊಟ್ಟದ್ದು. ಅದನ್ನಿಟ್ಟುಕೊಂಡು ನಾನೊಂದು ಮಕ್ಕಳ ಕಾದಂಬರಿ ಬರೆದೆ. ಪುಸ್ತಕವಾಗಲು ಆರು ವರ್ಷ ಹಿಡಿಯಿತು. ಮೊದಲ ಕರಡಿನಲ್ಲಿ ಪುಟಕ್ಕೊಮ್ಮೆ "ಬಡತನ" ಎಂಬ ಪದ ಬರುತ್ತಿತ್ತು. ಕಥೆ ಹೇಳುತ್ತಿದ್ದವಳು ಒಂಬತ್ತರ ಹುಡುಗಿ, ಆ ಪದ ಮಾತ್ರ ನಲವತ್ತು ದಾಟಿದ ನನ್ನದು. ಒಂಬತ್ತರಲ್ಲಿ ನನಗೆ ಬಡತನ ಗೊತ್ತಿರಲಿಲ್ಲ, ಬೀಡಿ ಗೊತ್ತಿತ್ತು. ಅಮ್ಮ ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ತಗಡಿನ ಅಳತೆಗೆ ಎಲೆ ಕತ್ತರಿಸಿ, ಹೊಗೆಸೊಪ್ಪಿನ ಹುಡಿ ತುಂಬಿ ಸುತ್ತಿ ನೂಲು ಕಟ್ಟುತ್ತಿದ್ದರು. ತುದಿ ಮಡಚಿ ಮುಚ್ಚುವ ಕೆಲಸ ನನ್ನದು. ಹುಡಿ ಉಗುರಿನ ಸಂದಿಯಲ್ಲಿ ಕುಳಿತು, ಎಷ್ಟು ತೊಳೆದರೂ ರಾತ್ರಿಯ ಮೊದಲ ತುತ್ತು ಕಹಿಯಾಗುತ್ತಿತ್ತು. ಅದಕ್ಕೇ ಮೊದಲ ತುತ್ತನ್ನು ಬೆಕ್ಕಿಗೆ ಹಾಕುತ್ತಿದ್ದೆ. ಆ ಬೆಕ್ಕನ್ನು ಬರೆದ ದಿನ ಕಾದಂಬರಿ ನನ್ನ ಕೈಗೆ ಸಿಕ್ಕಿತು. "ಬಡತನ"ವನ್ನು ಎಲ್ಲ ಕಡೆಯೂ ಹೊಡೆದು ಹಾಕಿದೆ.

ಬ್ರಿಟನ್ನಿನ ಜೂಡಿತ್ ಕೆರ್ ಅವರ ಬಗ್ಗೆ ಓದಿದಾಗ ನನಗೆ ಧೈರ್ಯ ಬಂದಿತ್ತು. 1933ರಲ್ಲಿ, ಒಂಬತ್ತರ ವಯಸ್ಸಿನಲ್ಲಿ, ಹಿಟ್ಲರನ ಜರ್ಮನಿಯನ್ನು ಬಿಟ್ಟು ಮನೆಯವರೊಂದಿಗೆ ಪಾರಾದವರು ಅವರು. ಅದನ್ನು ಮಕ್ಕಳಿಗಾಗಿ ಬರೆದ ಪುಸ್ತಕ ಬಂದದ್ದು 1971ರಲ್ಲಿ. ಆ ಪುಸ್ತಕದ ಹೆಸರಿನಲ್ಲೇ ಇರುವುದು ಬರ್ಲಿನ್ನಿನ ಮನೆಯಲ್ಲಿ ಉಳಿದುಹೋದ ಗುಲಾಬಿ ಬಣ್ಣದ ಬೊಂಬೆ ಮೊಲ. ದೇಶ ಬಿಡುವುದೆಂದರೇನು ಎಂದು ತಿಳಿಯಲು ಮಗುವಿಗೆ ಆ ಮೊಲ ಸಾಕು. ನಿಮ್ಮ ಅಪ್ಪ ಬಿಟ್ಟುಹೋದದ್ದರಲ್ಲಿ ನೀವು ಹತ್ತನೇ ವಯಸ್ಸಿನಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದ ವಸ್ತು ಯಾವುದು? ಅಲ್ಲಿಂದ ಶುರುಮಾಡಿ.

ಇನ್ನೊಂದು ಮಾತು. ಅಮ್ಮನ ತುಳುವನ್ನೆಲ್ಲ ನಾನು ಗ್ರಂಥದ ಕನ್ನಡಕ್ಕೆ ತಿರುಗಿಸಿದ್ದೆ. ಅಮ್ಮ ಯಾರದೋ ಅಮ್ಮನಾಗಿಬಿಟ್ಟರು. ಕೊನೆಗೆ "ಒಣಸ್ ಆಂಡಾ?" ಎಂಬಂಥ ಹತ್ತಾರು ಮಾತುಗಳನ್ನು ಹಾಗೆಯೇ ಉಳಿಸಿದೆ. ಘಟ್ಟದ ಮೇಲಿನ ಮಕ್ಕಳೂ ಅರ್ಥ ಮಾಡಿಕೊಂಡರು. ಕೈಯಲ್ಲಿ ತಟ್ಟೆ ಹಿಡಿದವರು ಊಟದ ವಿಷಯವನ್ನಲ್ಲದೆ ಇನ್ನೇನು ಕೇಳುತ್ತಾರೆ!

ಮಣಿಪಾಲದಿಂದ

ನಾನು ಶಿಕ್ಷಕಿ. ಆರನೇ ಏಳನೇ ತರಗತಿಗೆ ವರ್ಷಗಳಿಂದ ಕಥೆ ಓದಿ ಹೇಳುತ್ತಿದ್ದೇನೆ. ನಿಮ್ಮ ಗೆಳತಿಯ ಅಂಜಿಕೆ ನನಗೂ ಇತ್ತು. ಒಮ್ಮೆ ಅಜ್ಜಿ ಸಾಯುವ ಕಥೆಯೊಂದನ್ನು ಮುನ್ಸೂಚನೆ ಕೊಡದೆ ಕೊನೆಯ ಪೀರಿಯಡಿನಲ್ಲಿ ಓದಿದೆ. ಒಬ್ಬಳು ಡೆಸ್ಕಿಗೆ ಹಣೆಯಿಟ್ಟು ಮಲಗಿದಳು, ಅಷ್ಟರಲ್ಲಿ ಗಂಟೆ ಹೊಡೆಯಿತು, ಅವಳು ಬಸ್ ಹಿಡಿದು ಹೋದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂದಿನಿಂದ ಇಂಥ ಕಥೆಯನ್ನು ಬೆಳಗ್ಗೆಯೇ ಓದುತ್ತೇನೆ, ಇದರಲ್ಲಿ ಒಬ್ಬರು ಸಾಯುತ್ತಾರೆ ಎಂದು ಮೊದಲೇ ಹೇಳುತ್ತೇನೆ. ಹೇಳಿದ್ದರಿಂದ ಕುತೂಹಲ ಕಡಿಮೆಯಾದದ್ದನ್ನು ನಾನು ಕಂಡಿಲ್ಲ. ಆ ವರ್ಷವೇ ತಂದೆಯನ್ನು ಕಳೆದುಕೊಂಡಿದ್ದ ಹುಡುಗನೊಬ್ಬ ಅಂಥದೇ ಒಂದು ಪುಸ್ತಕವನ್ನು ಮನೆಗೆ ಒಯ್ದ. ಹಿಂದಿರುಗಿಸುವಾಗ ಏನೂ ಹೇಳಲಿಲ್ಲ. ಪುಸ್ತಕಕ್ಕೆ ಕಂದು ಕಾಗದದ ಬೈಂಡು ಹಾಕಿ ತಂದಿದ್ದ.

ನಡೆದದ್ದನ್ನು ನಡೆದಂತೆಯೇ ಬರೆಯಬೇಕೆಂದಿಲ್ಲ. ಅಮೆರಿಕದ ಕ್ಯಾಥರಿನ್ ಪ್ಯಾಟರ್ಸನ್ ಅವರ ಮಗನ ಎಂಟು ವರ್ಷದ ಗೆಳತಿ 1974ರಲ್ಲಿ ಸಿಡಿಲು ಬಡಿದು ತೀರಿಕೊಂಡಳು. 1977ರಲ್ಲಿ ಬಂದ ಅವರ ಕಾದಂಬರಿಯಲ್ಲಿ ಸಿಡಿಲಿಲ್ಲ. ತೊರೆ ದಾಟುವ ಹಗ್ಗ ಹರಿದು ಹುಡುಗಿ ಸಾಯುತ್ತಾಳೆ. ಗೆಳೆಯನ ದುಃಖ ಮಾತ್ರ ಬದಲಾಗಿಲ್ಲ.

ಕುಂದಾಪುರದಿಂದ

ಅಮ್ಮನಿಗೆ ಹೇಳಿ, ಈಗಲೇ ಹೇಳಿ. ನಾನು ಅಣ್ಣನ ಕಾಯಿಲೆಯ ದಿನಗಳನ್ನು ಮಕ್ಕಳ ಕಥೆಯಾಗಿಸಿದ್ದೆ, ಅವನಿಗೆ ತಿಳಿಸಿರಲಿಲ್ಲ. ಪಕ್ಕದ ಮನೆಯ ಮಗು ಓದಿ ಅವನನ್ನೇ ಕೇಳಿತು. ಒಂದು ವರ್ಷ ಅವನು ನನ್ನೊಂದಿಗೆ ಮಾತನಾಡಲಿಲ್ಲ. ಆಮೇಲೆ ಹೇಳಿದ: "ನಾನು ಅತ್ತದ್ದನ್ನೆಲ್ಲ ಬರೆದೆ. ಹಾಸಿಗೆಯಲ್ಲಿ ಕುಳಿತೇ ನಿನ್ನ ಗೋಲಿಗಳನ್ನೆಲ್ಲ ಗೆದ್ದದ್ದನ್ನು ಬರೆಯಲಿಲ್ಲ." ಅವನು ಹೇಳಿದ್ದು ನಿಜ. ಈಗಲೂ ನನಗೆ ಆ ಕಥೆಯನ್ನು ತೆರೆಯಲು ಮನಸ್ಸಾಗುವುದಿಲ್ಲ. ಹಸ್ತಪ್ರತಿಯನ್ನು ಅಮ್ಮನ ಕೈಗೆ ಕೊಟ್ಟು ಹೋಗಬೇಡಿ, ಪಕ್ಕದಲ್ಲಿ ಕುಳಿತು ಓದಿ ಹೇಳಿ. ಬೇಡವೆಂದ ಭಾಗವನ್ನು ಬಿಟ್ಟುಬಿಡಿ.

ಬೆಂಗ್ರೆಯಿಂದ

ನಾನು ಬರೆಯುವವನಲ್ಲ, ಮೀನುಗಾರರ ಮನೆಯ ಮಗ. ಈಗ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧವಿದೆ. ನಾವು ಚಿಕ್ಕವರಿದ್ದಾಗ ದಿನಗಳ ಲೆಕ್ಕ ಬೇರೆ ಇದ್ದಿರಬಹುದು, ಆದರೆ ಮಳೆಗಾಲದಲ್ಲಿ ಬೋಟು ದಡ ಸೇರುತ್ತಿತ್ತು, ಅಪ್ಪ ಮನೆಯಲ್ಲಿರುತ್ತಿದ್ದರು. ಹೊರಗೆ ಮಳೆ ಹೊಡೆಯುವಾಗ ಜಗಲಿಯ ತುಂಬ ಬಲೆ ಹರಡಿ ಕುಳಿತು, ಹರಿದಲ್ಲಿ ಹೊಲಿಯುತ್ತಿದ್ದರು. ಬಲೆಯ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿಯಾಗಿ ಎಳೆದುಕೊಳ್ಳುತ್ತಿದ್ದರು. ನಾನು ಆ ಹೆಬ್ಬೆರಳಿಗೆ ಕಚಗುಳಿ ಇಟ್ಟು ಓಡುತ್ತಿದ್ದೆ. ನಿಮ್ಮ ಮೂರು ಅಧ್ಯಾಯಗಳಲ್ಲಿ ಮಳೆಗಾಲ ಬಂದಿದೆಯೇ ಅಕ್ಕ? ಬಂದಿಲ್ಲವಾದರೆ, ಅಪ್ಪ ಕಡಲಿಗೆ ಹೊರಡುವ ಮೊದಲು ಅವರನ್ನು ಒಂದು ಮಳೆಗಾಲ ಪೂರ್ತಿ ಮನೆಯಲ್ಲಿ ಕೂರಿಸಿ.