ಹೊಳೆ ಆಚೆಯ ಪಾರ್ಕಿಗೆ ಕಾಲುಸೇತುವೆ: ಸಾದಾ ಸಾಕಾ, ಗಾಜಿನದ್ದೇ ಬೇಕಾ?

ಹೊಳೆದಂಡೆ:
ನಮ್ಮೂರಲ್ಲಿ ಹೊಳೆ ಆಚೆ ಪಾರ್ಕ್ ಆಗಿದೆ. ಪೇಟೆಯಿಂದ ಅಲ್ಲಿಗೆ ಹೋಗಬೇಕು ಅಂದರೆ ಹೈವೇ ಸೇತುವೆ ಸುತ್ತಬೇಕು, ಆ ಲಾರಿಗಳ ಮಧ್ಯೆ ಮಕ್ಕಳನ್ನು ಸೈಕಲ್‌ನಲ್ಲಿ ಕಳಿಸೋಕೆ ಯಾರಿಗೂ ಧೈರ್ಯ ಇಲ್ಲ. ಈಗ ನಡೆಯೋರಿಗೆ, ಸೈಕಲ್‌ಗೆ ಮಾತ್ರ ಒಂದು ಸೇತುವೆ ಕಟ್ಟೋ ಮಾತು ನಡೆದಿದೆ. ಹೊಳೆ ಅಗಲ ಸುಮಾರು 60 ಮೀಟರ್. ಕೆಲವರು ಅಹಮದಾಬಾದಿನ ಅಟಲ್ ಸೇತುವೆಯ ಫೋಟೊ ಹಿಡಿದುಕೊಂಡು ಗಾಜಿನ ನೆಲ, ಬಣ್ಣದ ಲೈಟು ಬೇಕು ಅಂತ ಹಟ ಹಿಡಿದಿದ್ದಾರೆ. ನನಗೆ ಸಾದಾದ್ದೇ ಸಾಕು ಅನ್ನಿಸುತ್ತದೆ. ವಾರ್ಡ್ ಸಭೆಯಲ್ಲಿ ಏನು ಕೇಳಲಿ?

ಗಾರೆ_ಕಬ್ಬಿಣ:
ಸೇತುವೆ ನೋಡೋಕೆ ಹೇಗಿದೆ ಅನ್ನೋದನ್ನ ಆಮೇಲೆ ನೋಡಿದರಾಯ್ತು. ಎರಡು ತುದಿ ಎಲ್ಲಿ ಇಳಿಯುತ್ತವೆ ಅಂತ ಮೊದಲು ಕೇಳಿ. ಮಳೆಗಾಲದ ಅತಿ ಎತ್ತರದ ನೀರಿನ ಮಟ್ಟಕ್ಕಿಂತ ಮೇಲೆ ಸೇತುವೆಯ ತಳ ಇರಬೇಕು. ಅದಕ್ಕೆ ನೆಲದಿಂದ 5 ಮೀಟರ್ ಏರಬೇಕಾಯ್ತು ಅಂದುಕೊಳ್ಳಿ. 20ಕ್ಕೆ 1ರ ಇಳಿಜಾರಿನಲ್ಲಿ (20 ಮೀಟರ್ ಉದ್ದಕ್ಕೆ 1 ಮೀಟರ್ ಏರು) ರ‍್ಯಾಂಪೇ 100 ಮೀಟರ್, ಅಂದರೆ ನಿಮ್ಮ ಸೇತುವೆಗಿಂತ ಉದ್ದ! 12ಕ್ಕೆ 1 ಮಾಡಿದರೆ 60 ಮೀಟರ್, ಮಧ್ಯೆ ನಿಲ್ಲೋಕೆ ಸಮತಟ್ಟು ಜಾಗ ಬೇರೆ. ವೀಲ್‌ಚೇರಿನವರಿಗೆ ಅದು ಏದುಸಿರು ಬರಿಸುವ ಏರು. ಹಾಗಾಗಿ ದಡ ತಾನಾಗಿಯೇ ಎತ್ತರ ಇರೋ ಕಡೆ ಹುಡುಕಿ, ಪೇಟೆಯಿಂದ ಸ್ವಲ್ಪ ದೂರ ಆದರೂ ಸರಿ. ಜಾಗ ಇಲ್ಲ ಅಂತ ಕೊನೆಗೆ ಮೆಟ್ಟಿಲು ಹಾಕಿಬಿಟ್ಟರೆ ಸೈಕಲ್ ಕಥೆ ಅಲ್ಲಿಗೆ ಮುಗಿಯಿತು.

ಹೊಳೆ ಮಧ್ಯೆ ಕಂಬ ಬೇಡ. ನೆರೆಯಲ್ಲಿ ಮರದ ದಿಮ್ಮಿ ಬಂದು ಸಿಕ್ಕಿಕೊಳ್ಳುತ್ತವೆ. 60 ಮೀಟರಿಗೆ ಉಕ್ಕಿನ ಟ್ರಸ್ (ತ್ರಿಕೋನಗಳಾಗಿ ಸರಳು ಜೋಡಿಸಿದ ಚೌಕಟ್ಟು) ಆರಾಮಾಗಿ ಆಗುತ್ತದೆ.

ಪೆಡಲ್‌ಪ್ರೇಮಿ:
ಅಗಲ ಬಿಟ್ಟುಕೊಡಬೇಡಿ ಸರ್. ನಡೆಯೋರು, ಸೈಕಲ್ ಎರಡೂ ಅಂದರೆ 3 ಮೀಟರ್‌ಗಿಂತ ಕಮ್ಮಿ ಒಪ್ಪಲೇಬೇಡಿ, 4 ಸಿಕ್ಕರೆ ಇನ್ನೂ ಒಳ್ಳೇದು. ನೆಲದ ಹಲಗೆ ಸಂದುಗಳು ಅಡ್ಡಕ್ಕೆ ಬರಬೇಕು, ಉದ್ದಕ್ಕೆ ಬಂದರೆ ಟೈರು ಸಿಕ್ಕಿಕೊಂಡು ಬೀಳುತ್ತೇವೆ. ಚೆಕ್ಕರ್ ಪ್ಲೇಟ್ (ಉಬ್ಬುಗೆರೆಯ ಉಕ್ಕಿನ ತಗಡು) ಬೇಡವೇ ಬೇಡ, ಮಳೆಯಲ್ಲಿ ಜಾರುತ್ತದೆ. ಇನ್ನು ಬೈಕಿನವರು ನುಗ್ಗೇ ನುಗ್ಗುತ್ತಾರೆ. ಅವರನ್ನು ತಡೆಯೋಕೆ ಅಂಕುಡೊಂಕು ಗೇಟ್ ಹಾಕಿದರೆ ವೀಲ್‌ಚೇರೂ ಹೋಗಲ್ಲ, ಮಗುನ ಕೂರಿಸಿಕೊಂಡು ಬರೋ ನನ್ನ ಸೈಕಲ್ಲೂ ಹೋಗಲ್ಲ. ಇದಕ್ಕೆ ಪೂರಾ ಪರಿಹಾರ ನಾನಂತೂ ಎಲ್ಲೂ ನೋಡಿಲ್ಲ.

ಸುಳ್ಯದ_ಹುಡುಗ:
ಇಷ್ಟೆಲ್ಲಾ ಯಾಕೆ ಗುರು? ನಮ್ಮ ಕಡೆ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆ ಕಟ್ಟಿದರು, ಆಮೇಲೆ ನೂರಕ್ಕೂ ಜಾಸ್ತಿ ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ಕಮ್ಮಿ ಖರ್ಚು, ಬೇಗ ಕೆಲಸ. ಅಂಥದ್ದೇ ಒಂದು ಕಟ್ಟಿಸಿ.

ಗಾರೆ_ಕಬ್ಬಿಣ:
ಅವರ ಕೆಲಸಕ್ಕೆ ದೊಡ್ಡ ನಮಸ್ಕಾರ. ಆದರೆ ಅವು ಹಳ್ಳಿಯವರು ದಿನಾ ಹೊಳೆ ದಾಟೋಕೆ ಕಟ್ಟಿದ ಕಿರಿದಾದ ಸೇತುವೆಗಳು. ಪಾರ್ಕಿನ ಸೇತುವೆ ಮೇಲೆ ಹಬ್ಬದ ದಿನ ಜನ ದಾಟೋದಿಲ್ಲ, ನಿಂತುಬಿಡುತ್ತಾರೆ. ಜನಜಂಗುಳಿಗೆ ಚದರ ಮೀಟರಿಗೆ 500 ಕೆಜಿ ಲೆಕ್ಕ ಹಾಕಬೇಕು. 2022ರ ಅಕ್ಟೋಬರ್ 30ರಂದು ಗುಜರಾತಿನ ಮೊರ್ಬಿಯಲ್ಲಿ ತೂಗುಸೇತುವೆ ಕುಸಿದು 135 ಜನ ಸತ್ತರು. ದುರಸ್ತಿ ಮುಗಿದು ತೆರೆದು ವಾರವೂ ಆಗಿರಲಿಲ್ಲ. ಒಂದು ಮುಖ್ಯ ಕೇಬಲ್ಲಿನ 49 ತಂತಿಗಳಲ್ಲಿ 22 ತುಕ್ಕು ತಿಂದಿದ್ದವು ಅಂತ ತನಿಖೆಯಲ್ಲಿ ಗೊತ್ತಾಯಿತು. ಜನ ಎಷ್ಟು ಬಿಡಬೇಕು ಅನ್ನೋ ಲೆಕ್ಕವೂ ಇರಲಿಲ್ಲ. ತೂಗುಸೇತುವೆ ತಪ್ಪು ಅಂತಲ್ಲ. ಅದನ್ನು ವರ್ಷಾ ವರ್ಷ ಯಾರು ನೋಡಿಕೊಳ್ಳುತ್ತಾರೆ ಅಂತ ಬರವಣಿಗೆಯಲ್ಲಿ ಇಸ್ಕೊಳ್ಳಿ.

ಪೆಡಲ್‌ಪ್ರೇಮಿ:
ಅಟಲ್ ಸೇತುವೆ ವಿಷಯ ಬಂದಿದ್ದಕ್ಕೆ ಹೇಳ್ತೀನಿ, ಅದು 300 ಮೀಟರ್, ಟಿಕೆಟ್ ಬೇರೆ ಇದೆ. 2023ರಲ್ಲಿ ಒಂದು ಗಾಜು ಬಿರುಕು ಬಿಟ್ಟಿತ್ತು. ಅದು ನೋಡೋಕೆ ಹೋಗೋ ಸೇತುವೆ, ನಿಮಗೆ ಬೇಕಿರೋದು ದಾಟೋಕೆ ಅಲ್ವಾ?

ಹೊಳೆದಂಡೆ:
ಎಲ್ಲರಿಗೂ ಥ್ಯಾಂಕ್ಸ್. ಇಳಿಜಾರು, ಅಗಲ, ನಿರ್ವಹಣೆ, ಮೂರನ್ನೂ ಬರೆದುಕೊಂಡಿದ್ದೇನೆ. ಮೇಲುಗಡೆ ದೇವಸ್ಥಾನದ ಹತ್ತಿರ ಎರಡೂ ದಡ ಎತ್ತರ ಇವೆ, ಆದರೆ ಆ ಕಡೆ ತೋಟದವರ ಜಾಗ. ಗಾರೆಯವರೇ, ದಾರಿಗೆ ಅವರು ಒಪ್ಪದಿದ್ದರೆ ಒಂದೇ ಕಡೆ ರ‍್ಯಾಂಪ್ ಮಾಡಿ ಇನ್ನೊಂದು ತುದಿ ನೇರ ದಡಕ್ಕೇ ಸೇರಿಸೋಕೆ ಆಗುತ್ತದಾ?